ಅದೇ ಕೇಳುಗರು ಮತ್ತೆ ಕೇಳುತ್ತಾರೆ

ಪುಟ್ಟಿ ಇನ್ನೂ ಮಾತಾಡುತ್ತಿರಲಿಲ್ಲ. ಎರಡು ತುಂಬಿ ಮೂರರತ್ತ ಹೊರಟ ಮಗು ‘ಅಮ್ಮ’ ಅಂತ ಕೂಡ ಅನ್ನದು. ಬೇಕಾದ್ದನ್ನು ಬೆರಳಲ್ಲಿ ತೋರಿಸುತ್ತಿತ್ತು, ಬೇಡದ್ದನ್ನು ಕಾಲಲ್ಲಿ ಒದೆಯುತ್ತಿತ್ತು, ಉಳಿದ ಹೊತ್ತೆಲ್ಲ ನ್ಯಾಯ ಹೇಳಲು ಬಂದ ಹಿರಿಯರ ಹಾಗೆ ಗಂಭೀರವಾಗಿ ಕೂತಿರುತ್ತಿತ್ತು. ಈ ಚಿಂತೆ ಅದರ ತಾಯಿ ಕತ್ತರಿಯ ಎದೆಗೆ ಹಲ್ಲಿಯ ಹಾಗೆ ಅಂಟಿಕೊಂಡಿತ್ತು. ಓಡಿಸಿದರೆ ಬಾಲ ಬಿಟ್ಟು ಹೋಗುತ್ತಿತ್ತು, ಆಮೇಲೆ ಆ ಬಾಲವೇ ಕುಣಿಯುತ್ತಿತ್ತು.

ಕತ್ತರಿ ಎಂಬುದು ಅವಳಿಗೆ ಆಫೀಸಿನವರು ಇಟ್ಟ ಹೆಸರು. ರೇಡಿಯೊ ಕೇಂದ್ರದಲ್ಲಿ ಅವಳದ್ದು ಧ್ವನಿ ಸಂಕಲನದ ಕೆಲಸ. ಬಂದವರು ಆಡಿದ ಮಾತಿನಿಂದ ಕೆಮ್ಮು, ಸೀನು, ‘ಅದೇನಪ್ಪಾ ಅಂದ್ರೆ’, ನೀರು ಕುಡಿಯುವ ಗುಟುಕು ಎಲ್ಲವನ್ನೂ ಕತ್ತರಿಸಿ ತೆಗೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ತೆಗೆಯಬೇಕಾದ್ದು ಮೌನ. ರೇಡಿಯೊದಲ್ಲಿ ಸುಮ್ಮನಿರುವುದಕ್ಕಿಂತ ದೊಡ್ಡ ಪಾಪವಿಲ್ಲ; ಕೇಳುವವರು ಪೆಟ್ಟಿಗೆ ಕೆಟ್ಟಿತೆಂದು ಅದರ ತಲೆಗೆ ಎರಡು ಬಿಡುತ್ತಾರೆ. ಹಗಲೆಲ್ಲ ಮೌನ ಕತ್ತರಿಸಿ ಸಂಬಳ ತರುವವಳ ಮನೆಯಲ್ಲಿ ಮೌನವೇ ಚಡ್ಡಿ ಹಾಕಿಕೊಂಡು ಓಡಾಡುತ್ತಿದೆಯಲ್ಲ, ಇದು ಯಾವ ಜನ್ಮದ ಲೆಕ್ಕ ಎಂದು ಅವಳಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಲಸಿಕೆ ಹಾಕುವ ನರ್ಸು ಕಿವಿ ಡಾಕ್ಟರ ನಂಬರಿದ್ದ ಒಂದು ಕಾರ್ಡು ಕೊಟ್ಟಿದ್ದಳು. “ಒಂದ್ಸಲ ಕಿವಿ ಟೆಸ್ಟ್ ಮಾಡಿಸಿಬಿಡಿ. ಏನೂ ಇರಲ್ಲ. ಆದ್ರೂ ನೋಡ್ಕೊಂಡ್ರೆ ಒಳ್ಳೇದು.” ಇದರಲ್ಲಿ ‘ಏನೂ ಇರಲ್ಲ’ ಎಂಬುದು ಆಸ್ಪತ್ರೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಉದುರಿಹೋಯಿತು. ‘ಆದ್ರೂ’ ಮಾತ್ರ ಮನೆಯವರೆಗೆ ಜತೆಗೆ ಬಂತು. ಕಾರ್ಡು ಫ್ರಿಜ್ಜಿನ ಬಾಗಿಲಿಗೆ, ಬಾಳೆಹಣ್ಣಿನ ಆಕಾರದ ಆಯಸ್ಕಾಂತದ ಕೆಳಗೆ ಸೇರಿಕೊಂಡಿತು. ಹಾಲು ತೆಗೆಯುವಾಗಲೆಲ್ಲ ಅವಳು ಅದರ ಕಡೆ ನೋಡದ ಹಾಗೆ ಮುಖ ತಿರುಗಿಸುತ್ತಿದ್ದಳು, ಸಾಲ ಕೊಟ್ಟವನು ಎದುರಿಗೆ ಸಿಕ್ಕಂತೆ. ಫೋನ್ ಮಾಡಿದರೆ ಅದು ನಿಜವಾಗಿಬಿಡುತ್ತದೆ. ಮಾಡದಿದ್ದರೆ ಇನ್ನೂ ಬರೀ ಚಿಂತೆ.

“ನಾನು ಮಾಡ್ಲಾ?” ಎಂದು ಗಂಡ ಒಮ್ಮೆ ಕೇಳಿದ್ದ. ಅವನಿಗೆ ಕನ್ನಡಕದ ಅಂಗಡಿ. ದಿನವಿಡೀ ‘ಇದು ಸ್ಪಷ್ಟಾನಾ, ಅದು ಸ್ಪಷ್ಟಾನಾ’ ಎಂದು ಕೇಳಿ ಕೇಳಿ ಮನೆಗೆ ಬರುವಾಗ ಮಾತು ಮುಗಿದಿರುತ್ತಿತ್ತು.

“ಬೇಡ. ನೀವು ಅರ್ಧ ಹೇಳ್ತೀರಿ, ಅರ್ಧ ಮರೀತೀರಿ. ನಾನೇ ಮಾಡ್ತೀನಿ.”

“ಯಾವಾಗ?”

“ಮಾಡ್ತೀನಿ ಅಂದ್ನಲ್ಲ!”

ಅಲ್ಲಿಯವರೆಗೆ ಅವಳು ತನ್ನದೇ ಪರೀಕ್ಷೆ ನಡೆಸುತ್ತಿದ್ದಳು. ಪುಟ್ಟಿ ಆಟದಲ್ಲಿ ಮುಳುಗಿದ್ದಾಗ ಹಿಂದಿನಿಂದ ಬೆಕ್ಕಿನ ಹೆಜ್ಜೆಯಲ್ಲಿ ಬಂದು ಸ್ಟೀಲಿನ ಮುಚ್ಚಳವನ್ನು ನೆಲಕ್ಕೆ ಬಿಡುವುದು. ಮಗು ತಿರುಗಿದರೆ ಕಿವಿ ಕೇಳಿಸುತ್ತದೆ ಎಂದು ಅರ್ಥ. ಆದರೆ ಮುಚ್ಚಳ ಬಿದ್ದ ಕ್ಷಣವೇ ಒಳಗಿನಿಂದ ಅತ್ತೆ, “ಏನದು ಬಿದ್ದಿದ್ದು?” ಎಂದು ಓಡಿಬರುತ್ತಿದ್ದರು. ಪುಟ್ಟಿ ತಿರುಗುತ್ತಿತ್ತು ನಿಜ. ಮುಚ್ಚಳಕ್ಕೋ, ಅಜ್ಜಿ ಓಡಿಬಂದ ರಭಸಕ್ಕೆ ನೆಲ ನಡುಗಿದ್ದಕ್ಕೋ, ಯಾರು ಹೇಳಬೇಕು?

“ನನ್ನ ಮಗನೂ ಮೂರು ವರ್ಷದವರೆಗೆ ಬಾಯಿ ಬಿಟ್ಟಿರಲಿಲ್ಲ,” ಎಂದು ಅತ್ತೆ ಧೈರ್ಯ ಹೇಳುತ್ತಿದ್ದರು.

“ಈಗ್ಲೂ ಎಲ್ಲಿ ಬಿಡ್ತಾರೆ, ಅತ್ತೆ?”

“ಅದು ನೀನು ಬಂದ್ಮೇಲೆ, ತಾಯಿ. ಮಧ್ಯದಲ್ಲಿ ಚೆನ್ನಾಗೇ ಮಾತಾಡ್ತಿದ್ದ.”

ಹೀಗಿರುವಾಗ ಕೇಂದ್ರದಲ್ಲಿ ಹೊಸ ಸರಣಿಯೊಂದು ಶುರುವಾಯಿತು: ಬೌದ್ಧ ಗುರುಗಳ ಜತೆ ಮಾತುಕತೆ. ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವವರು, ಕಂತು ಕಟ್ಟುವವರು, ಮಕ್ಕಳ ಹಿಂದೆ ಓಡುವವರು ಧ್ಯಾನ ಮಾಡುವುದು ಹೇಗೆ ಎಂಬುದು ವಿಷಯ. ಪ್ರಶ್ನೆ ಕೇಳುವವನು ನಿರೂಪಕ ‘ಮಂದ್ರ’. ಅವನ ದನಿ ಬಾವಿಯ ಆಳದಿಂದ ಬರುತ್ತಿತ್ತು. ‘ಒಂದು ಟೀ’ ಎಂದು ಕ್ಯಾಂಟೀನಿನಲ್ಲಿ ಹೇಳಿದರೂ ಯಾರೋ ತೀರಿಕೊಂಡ ಸುದ್ದಿಯಂತೆ ಕೇಳಿಸುತ್ತಿತ್ತು. ಪ್ರಶ್ನೆ ಬರೆದುಕೊಡುವವಳು, ಗಾಜಿನ ಆಚೆ ಕೂತು ಧ್ವನಿ ಹಿಡಿಯುವವಳು, ಆಮೇಲೆ ಕತ್ತರಿಸುವವಳು ಕತ್ತರಿ.

ಮೊದಲ ದಿನವೇ ಅವಳು ಮಂದ್ರನಿಗೆ ಕೊಟ್ಟ ಹಾಳೆಯ ಕೊನೆಯಲ್ಲಿ ಒಂದು ಪ್ರಶ್ನೆ ಸೇರಿಸಿದಳು. ‘ಒಬ್ಬ ಕೇಳುಗರು ಕೇಳುತ್ತಾರೆ: ನನ್ನ ಮಗು ಇನ್ನೂ ಮಾತಾಡುತ್ತಿಲ್ಲ. ಕಿವಿ ಕೇಳಿಸುತ್ತದೋ ಇಲ್ಲವೋ ಎಂಬ ಭಯ. ಮನಸ್ಸನ್ನು ಶಾಂತ ಮಾಡಿಕೊಳ್ಳುವುದು ಹೇಗೆ?’

ಅಂದು ಬಂದಿದ್ದವರು ಎಳೆಯ ವಯಸ್ಸಿನ ಭಿಕ್ಷು, ಎಲ್ಲರೂ ಕರೆಯುವಂತೆ ಭಂತೇಜಿ. ಚುರುಕು ಮಾತು, ಹೊಳೆಯುವ ತಲೆ. “ಉಸಿರನ್ನ ಎಣಿಸಬೇಕು,” ಎಂದರು. “ಒಂದರಿಂದ ಹತ್ತು, ಮತ್ತೆ ಒಂದರಿಂದ. ಚಿಂತೆ ಬಂದ್ರೆ ಬಂತು ಅಂತ ಗುರುತಿಸಿ, ಮತ್ತೆ ಒಂದಕ್ಕೆ ಬನ್ನಿ.”

ಮರುದಿನ ಬೆಳಿಗ್ಗೆ ಕತ್ತರಿ ಅಡುಗೆಮನೆಯ ಸ್ಟೂಲಿನ ಮೇಲೆ ಕಣ್ಣುಮುಚ್ಚಿ ಕೂತಳು. ಒಂದು. ಎರಡು. ಎರಡು ವರ್ಷಕ್ಕೆ ಮಕ್ಕಳು ಎರಡು ಪದ ಸೇರಿಸಿ ಹೇಳಬೇಕಂತೆ. ಒಂದು. ಎರಡು. ಮೂರು. ಮೂರಕ್ಕೆ ಶಾಲೆಗೆ ಸೇರಿಸಬೇಕು, ಹೆಸರು ಕೇಳಿದರೆ ಏನು ಹೇಳುತ್ತದೆ? ಹತ್ತರ ಮುಖವನ್ನೇ ಅವಳು ನೋಡಲಿಲ್ಲ. ನೋಡಿದ್ದು ಅತ್ತೆಯ ಮುಖವನ್ನು. ಅವರು ಇವಳ ಮೂಗಿನ ಕೆಳಗೆ ಬೆರಳಿಟ್ಟು ನಿಂತಿದ್ದರು.

“ಏನತ್ತೆ ಇದು?”

“ಉಸಿರಿದೆಯಾ ಅಂತ ನೋಡ್ದೆ. ಹಾಲು ಉಕ್ಕಿ ಒಲೆಯೆಲ್ಲ ಸ್ನಾನ ಆಯ್ತು, ನೀನು ಅಲ್ಲಾಡ್ಲೇ ಇಲ್ಲ.”

ಎರಡನೆಯವರು ದೊಡ್ಡ ಕಂಪನಿಗಳಿಗೆ ಹೋಗಿ ಧ್ಯಾನ ಹೇಳಿಕೊಡುವ ನಡುವಯಸ್ಸಿನ ಭಂತೇಜಿ. ಕಾರು ನಿಲ್ಲಿಸಲು ಜಾಗ ಸಿಗದೆ ಕಟ್ಟಡಕ್ಕೆ ಸುತ್ತು ಹಾಕಿ ಹಾಕಿ ಏದುಸಿರು ಬಿಡುತ್ತಾ ಬಂದರು. ಮಂದ್ರ ಅದೇ ಪ್ರಶ್ನೆ ಓದಿದ. ಓದುವಾಗ ಹುಬ್ಬು ಸ್ವಲ್ಪ ಮೇಲೆ ಹೋಯಿತು, ಆದರೆ ದನಿ ಅಲುಗಲಿಲ್ಲ.

“ಬಿಟ್ಟುಬಿಡಿ,” ಎಂದರು ಭಂತೇಜಿ. “ಹಿಡ್ಕೊಂಡಿರೋದೇ ದುಃಖ. ಬಿಟ್ಟುಬಿಡಿ, ಅಷ್ಟೇ.” ಆಮೇಲೆ ಮಂದ್ರನ ಕಡೆ ಬಾಗಿ, “ಗಾಡಿ ಗೇಟಿಗೆ ಅಡ್ಡ ನಿಲ್ಸಿದೀನಿ, ಎತ್ಕೊಂಡು ಹೋಗಲ್ಲ ತಾನೆ?” ಎಂದರು. ಕೊನೆಯ ವಾಕ್ಯವನ್ನು ಕತ್ತರಿ ಕತ್ತರಿಸಿದಳು.

ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಮನಸ್ಸಿನಲ್ಲೇ ‘ಬಿಟ್ಟುಬಿಡು, ಬಿಟ್ಟುಬಿಡು’ ಎಂದು ಜಪಿಸಿದಳು. ಎಷ್ಟು ಶ್ರದ್ಧೆಯಿಂದ ಜಪಿಸಿದಳೆಂದರೆ ಇಳಿಯುವ ನಿಲ್ದಾಣವನ್ನೂ ಬಿಟ್ಟುಬಿಟ್ಟಳು. ಬಸ್ಸು ಡಿಪೋ ಸೇರಿದಾಗ ಕಂಡಕ್ಟರು, “ಮೇಡಂ, ಇನ್ನು ಮುಂದೆ ಗೋಡೆ,” ಎಂದ. ಅಷ್ಟು ದೂರ ಹೋಗಿ ಬಂದರೂ ಚಿಂತೆ ಮಾತ್ರ ಪಕ್ಕದ ಸೀಟಿನಲ್ಲಿ ಬ್ಯಾಗು ಹಿಡಿದುಕೊಂಡು ಕೂತೇ ಇತ್ತು.

ಮೂರನೆಯವರು ಬಂದ ದಿನ ಅತ್ತೆಗೆ ಮಂಡಿ ತೋರಿಸಲು ಹೋಗಬೇಕಿತ್ತು. ಬೇರೆ ದಾರಿಯಿಲ್ಲದೆ ಕತ್ತರಿ ಪುಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡೇ ಕೇಂದ್ರಕ್ಕೆ ಬಂದಳು. ಬ್ಯಾಗಿನಲ್ಲಿ ಬಿಸ್ಕತ್ತು, ಎರಡನೇ ಜತೆ ಚಡ್ಡಿ, ಮೂರನೇ ಜತೆ ಚಡ್ಡಿ, ಮತ್ತು, ಏನಾದರೂ ಆದರೆ ಇರಲಿ ಎಂದು, ನಾಲ್ಕನೆಯದು.

ಬಂದವರು ವಯಸ್ಸಾದ ಭಿಕ್ಷುಣಿ. ಬಟ್ಟೆಯ ಚೀಲ, ಸವೆದ ಚಪ್ಪಲಿ, ನಕ್ಕರೆ ಮುಂದಿನ ಒಂದು ಹಲ್ಲಿನ ಜಾಗ ಖಾಲಿ. ಬಂದವರೇ, “ಮೊದ್ಲು ಟೀ ಕೊಡ್ತೀರಾ, ಮೊದ್ಲು ಮಾತಾ?” ಎಂದು ಕೇಳಿದರು. ಟೀ ಆಯಿತು. ಪುಟ್ಟಿ ಯಾವ ಮಾಯದಲ್ಲೋ ಬಾಗಿಲು ದಾಟಿ, ಮೈಕಿದ್ದ ಮೇಜಿನ ಕೆಳಗೆ ಅವರ ಚೀಲಕ್ಕೆ ಒರಗಿ ಕೂತುಬಿಟ್ಟಿತು. ಗಾಜಿನ ಆಚೆಯಿಂದ ಕತ್ತರಿ ಕೈಸನ್ನೆ ಮಾಡಿದಳು. “ಇರ್ಲಿ ಬಿಡಮ್ಮಾ,” ಎಂದರು ಅವರು. “ನಮ್ಮಿಬ್ರಲ್ಲಿ ಅದೇ ಸುಮ್ನಿರೋದು.”

ಮಾತುಕತೆ ಚೆನ್ನಾಗಿಯೇ ನಡೆಯಿತು. ಕೊನೆಗೆ ಮಂದ್ರ ಹಾಳೆ ತಿರುಗಿಸಿ, ನಿಟ್ಟುಸಿರನ್ನು ನುಂಗಿಕೊಂಡು, “ನಮ್ಮ ಅದೇ ಕೇಳುಗರು ಮತ್ತೆ ಕೇಳಿದ್ದಾರೆ…” ಎಂದು ಆರಂಭಿಸಿ ಪ್ರಶ್ನೆ ಓದಿದ.

ಭಿಕ್ಷುಣಿ ತಲೆ ವಾರೆ ಮಾಡಿದರು. “ಈ ಕಾರ್ಯಕ್ರಮ ಯಾವಾಗ ಬರುತ್ತೆ ರೇಡಿಯೊದಲ್ಲಿ?”

“ಮುಂದಿನ ತಿಂಗಳು ಆರಂಭ, ಮಾತಾಜಿ.”

“ಇನ್ನೂ ಬಂದೇ ಇಲ್ಲ?”

“ಇಲ್ಲ.”

“ಹಾಗಾದ್ರೆ ಈ ಕೇಳುಗರು ಏನು ಕೇಳಿ ಕೇಳುಗರಾದ್ರು?”

ಮಂದ್ರನ ಬಾಯಿ ತೆರೆಯಿತು, ಬಾವಿಯಿಂದ ಬರೀ ಗಾಳಿ ಬಂತು. ಇಷ್ಟು ದಿನ ಈ ಸಾಮಾನ್ಯ ಲೆಕ್ಕ ಅವನಿಗೂ ಹೊಳೆದಿರಲಿಲ್ಲ, ಬರೆದವಳಿಗೂ ಹೊಳೆದಿರಲಿಲ್ಲ. ಅವನು ನಿಧಾನವಾಗಿ ಗಾಜಿನ ಕಡೆ ತಿರುಗಿದ. ಕತ್ತರಿ ಮೇಜಿನ ಗುಂಡಿಗಳನ್ನು ಎಂದೂ ಕಂಡಿರದವಳಂತೆ ನೋಡತೊಡಗಿದಳು.

ಭಿಕ್ಷುಣಿಯೂ ಗಾಜಿನ ಕಡೆ ನೋಡಿದರು. ಸುಮ್ಮನೆ ಕೂತರು. ರೇಡಿಯೊದವರಿಗೆ ಎದೆಬಡಿತ ಏರುವಷ್ಟು ಹೊತ್ತು ಸುಮ್ಮನೆ ಕೂತರು. ಆಮೇಲೆ ಮೆಲ್ಲಗೆ, “ಆ ತಾಯಿ ಡಾಕ್ಟರಿಗೆ ಫೋನ್ ಮಾಡಿದಾಳಾ?” ಎಂದರು.

ಆಚೆಗೆ ಮಾತಾಡುವ ಗುಂಡಿಯನ್ನು ಕತ್ತರಿಯ ಬೆರಳು ತಾನಾಗಿ ಒತ್ತಿತು. “ಇಲ್ಲ, ಮಾತಾಜಿ.”

“ಯಾಕಮ್ಮಾ?”

“ಭಯ. ಧ್ಯಾನ ಮಾಡಿ, ಭಯ ಎಲ್ಲ ಹೋದ್ಮೇಲೆ ಮಾಡೋಣ ಅಂತ…”

“ನನಗೊಂದು ಹಲ್ಲುನೋವು ಬಂದಿತ್ತು,” ಎಂದರು ಅವರು. “ಸೂಜಿ ಕಂಡ್ರೆ ನನಗೆ ಜೀವ ಹೋಗುತ್ತೆ. ಅದಕ್ಕೆ ಧ್ಯಾನಕ್ಕೆ ಕೂತೆ. ನೋವನ್ನ ನೋಡು, ನೋವು ನಾನಲ್ಲ, ಎಲ್ಲ ಆಯ್ತು. ವರ್ಷವಿಡೀ ಕೂತೆ. ನನ್ನ ಗುರುಗಳು ದಿನಾ ನೋಡ್ತಿದ್ರು, ಇವಳು ಬಹಳ ಮುಂದೆ ಹೋಗಿದಾಳೆ ಅಂದ್ಕೊಂಡ್ರು.”

“ನೋವು ಹೋಯ್ತಾ, ಮಾತಾಜಿ?” ಎಂದ ಮಂದ್ರ, ಭಕ್ತಿಯಿಂದ.

“ಹಲ್ಲೇ ಹೋಯ್ತು.” ಅವರು ಖಾಲಿ ಜಾಗ ತೋರಿಸಿ ನಕ್ಕರು. “ಮೊದ್ಲೇ ತೋರ್ಸಿದ್ರೆ ಸಣ್ಣದೊಂದು ಸಿಮೆಂಟು ತುಂಬಿ ಕಳಿಸ್ತಿದ್ರಂತೆ.”

ಮೇಜಿನ ಕೆಳಗಿಂದ ಕರಕರ ಎಂಬ ಸದ್ದು ಬಂತು. ಪುಟ್ಟಿ ಬಿಸ್ಕತ್ತಿಗೆ ಕೈಹಾಕಿತ್ತು.

“ಇದಕ್ಕೆ ಕಿವಿ ಕೇಳಿಸುತ್ತಾ, ಮಾತಾಜಿ?” ಕತ್ತರಿ ಗುಂಡಿ ಬಿಡದೆ ಕೇಳಿದಳು. ಮೂರು ಸಲ ಬೇರೆಯವರ ಹೆಸರಲ್ಲಿ ಕೇಳಿದ್ದರ ಒಳಗೆ ಇದ್ದದ್ದು ಇದೊಂದೇ ಪ್ರಶ್ನೆ.

“ನನಗೇನು ಗೊತ್ತು? ನಾನು ಕಿವಿ ಡಾಕ್ಟರಾ?” ಅವರು ಬಾಗಿ ಮಗುವಿನ ತಲೆ ಸವರಿದರು. “ಗೊತ್ತಿರೋರು ಫೋನಿನ ಆ ಕಡೆ ಇದಾರೆ. ಭಯ ಹೋಗ್ಲಿ ಅಂತ ಕಾಯ್ಬೇಡಮ್ಮಾ. ಅದನ್ನೂ ಪಕ್ಕದಲ್ಲಿ ಕೂರಿಸ್ಕೊಂಡೇ ನಂಬರ್ ಒತ್ತು. ಆಮೇಲೆ ಧ್ಯಾನ ಇದ್ದೇ ಇದೆ, ಡಾಕ್ಟರ ಬಾಗಿಲಲ್ಲಿ ಕಾಯೋವಾಗ ಬೇಕಾದಷ್ಟು ಹೊತ್ತು ಸಿಗುತ್ತೆ.”

ಅವರು ಹೋದ ಮೇಲೆ ಕತ್ತರಿ ಪುಟ್ಟಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸಂಕಲನಕ್ಕೆ ಕೂತಳು. ಪಳಗಿದ ಎತ್ತು ಗೊತ್ತಿರುವ ದಾರಿ ಹಿಡಿಯುವ ಹಾಗೆ ಅವಳ ಕೈ ಆ ದೊಡ್ಡ ಮೌನವನ್ನು ಹುಡುಕಿ ಕತ್ತರಿಸಿಹಾಕಿತು. ಕೇಳಿ ನೋಡಿದಳು. ‘ಏನು ಕೇಳಿ ಕೇಳುಗರಾದ್ರು? ಆ ತಾಯಿ ಡಾಕ್ಟರಿಗೆ ಫೋನ್ ಮಾಡಿದಾಳಾ?’ ಠಾಣೆಯಲ್ಲಿ ಕಳ್ಳನನ್ನು ವಿಚಾರಿಸಿದಂತಿತ್ತು. ಅದೇ ಮಾತು, ಅದೇ ದನಿ, ಆದರೆ ಅದರೊಳಗಿದ್ದ ಅಂತಃಕರಣ ಎಲ್ಲಿ ಹೋಯಿತು? ಅದು ಕಸದ ಬುಟ್ಟಿಯಲ್ಲಿತ್ತು, ಕತ್ತರಿಸಿದ ತುಣುಕಿನಲ್ಲಿ. ಅವಳು ಅದನ್ನು ಹೆಕ್ಕಿ ತಂದು ಇದ್ದ ಜಾಗಕ್ಕೆ ಅಂಟಿಸಿದಳು.

ಮಂದ್ರ ಹಿಂದೆ ಬಂದು ನಿಂತಿದ್ದ. “ಇಷ್ಟುದ್ದ ಸುಮ್ನೆ ಬಿಟ್ರೆ ಜನ ರೇಡಿಯೊ ಕೆಟ್ಟೋಯ್ತು ಅಂದ್ಕೋತಾರೆ.”

“ಅಂದ್ಕೊಳ್ಳಿ. ಎರಡು ಬಡೀತಾರೆ, ಅಷ್ಟ್ರಲ್ಲಿ ಮಾತು ಬರುತ್ತೆ.”

“ಆ ಕೇಳುಗರ ಪ್ರಶ್ನೆ? ಅದನ್ನ ತೆಗೀತೀಯಾ?”

ಅವಳು ತಲೆಯಾಡಿಸಿದಳು, ಇಲ್ಲ ಎಂದು. ಅವನು ಜೀವನದಲ್ಲಿ ಮೊದಲ ಬಾರಿಗೆ ಸಣ್ಣ ದನಿಯಲ್ಲಿ, “ಮಗೂನ ನಾನು ನೋಡ್ಕೊಂಡಿರ್ತೀನಿ. ಹೋಗು, ಫೋನ್ ಮಾಡ್ಬಿಟ್ಟು ಬಾ,” ಎಂದ.

ಕಾರ್ಡು ಮನೆಯಲ್ಲಿ, ಫ್ರಿಜ್ಜಿನ ಬಾಗಿಲ ಮೇಲಿತ್ತು. ಆದರೆ ನೋಡಬಾರದೆಂದು ಅಷ್ಟು ದಿನ ಮುಖ ತಿರುಗಿಸಿದ್ದ ನಂಬರು ಅವಳಿಗೆ ಬಾಯಿಪಾಠವಾಗಿತ್ತು. ಮೆಟ್ಟಿಲ ತಿರುವಿನಲ್ಲಿ, ಒರೆಸುವ ಕೋಲು ಬಕೆಟ್ಟು ಇಟ್ಟಿದ್ದ ಮೂಲೆಯಲ್ಲಿ ನಿಂತಳು. ಭಯವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ನಂಬರ್ ಒತ್ತಿದಳು. ಆ ಕಡೆ ಗಂಟೆ ಹೊಡೆಯಿತು. ಎತ್ತದಿದ್ದರೆ ಸಾಕಪ್ಪಾ ಎಂದುಕೊಳ್ಳುವಷ್ಟರಲ್ಲಿ ಎತ್ತಿದರು.

“ಹಲೋ, ಹೇಳಿ?” ಒಬ್ಬ ಹೆಂಗಸಿನ ದನಿ, ಏನೋ ತಿನ್ನುತ್ತಿದ್ದವರದ್ದು.

“ಹಲೋ… ಒಬ್ಬ ಕೇಳುಗರು…” ಎಂದು ಬಾಯಿಗೆ ಬಂದೇಬಿಟ್ಟಿತು.

“ಯಾರು?”

ಕತ್ತರಿ ಆ ಮಾತನ್ನು ಅಲ್ಲೇ ಕತ್ತರಿಸಿದಳು. ಆ ಕಡೆಯವರು ಅಗಿಯುವುದನ್ನು ನಿಲ್ಲಿಸಿ ಕಾದರು.

“ನಾನು,” ಎಂದಳು ಅವಳು. “ನನ್ನ ಮಗಳನ್ನ ತೋರಿಸ್ಬೇಕಿತ್ತು.”