ಹಡಗುಗಳು ಬಾರದ ಸ್ಮಿರ್ನಾ

ಯುಜಿನಿಯಾ ಮೆಲ್ಬರ್ನ್ ಹೊರವಲಯದ ಪಾಯಿಂಟ್ ಕುಕ್‌ನಲ್ಲಿ ನಮ್ಮ ಪಕ್ಕದ ಮನೆಯವಳು. ಊರು ಕಿನ್ನಿಗೋಳಿ, ಮನೆಮಾತು ಕೊಂಕಣಿ, ಕೆಲಸ ಇಲ್ಲಿನ ಒಂದು ವೃದ್ಧಾಶ್ರಮದಲ್ಲಿ ಮರೆವಿನ ಕಾಯಿಲೆಯವರ ಆರೈಕೆ. ನಮ್ಮ ಕನ್ನಡ ಕೂಟದ ಹೆಂಗಸರು ಆ ಕೆಲಸದ ಹೆಸರೆತ್ತಿದರೆ ಮೂಗು ಮುರಿಯುತ್ತಾರೆ. ಅತ್ತೆ ಬಿದ್ದು ಸೊಂಟ ಮುರಿದುಕೊಂಡ ದಿನ ಮಾತ್ರ ಅವಳ ನಂಬರು ಕೇಳಿಕೊಂಡು ನನ್ನ ಹತ್ತಿರ ಬರುತ್ತಾರೆ. ನನಗೆ ಅವರ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಆ ಕೆಲಸದಲ್ಲಿ ಮೊದಲು ಕಲಿಸುವುದು, ತಿದ್ದಬಾರದು ಎಂದು. ತೀರಿಹೋದ ಗಂಡ ಆಫೀಸಿಗೆ ಹೋಗಿದ್ದಾನೆ ಎಂದು ಅಜ್ಜಿಯೊಬ್ಬಳು ಹೇಳಿದರೆ, ಹೌದು, ಸಂಜೆ ಬರುತ್ತಾರೆ ಎನ್ನಬೇಕು. ನಿಜ ಹೇಳಿದರೆ ಅವಳಿಗೆ ಗಂಡ ಆಗಷ್ಟೇ ಸತ್ತಂತೆ. ಯುಜಿನಿಯಾ ಇದರಲ್ಲಿ ಪಳಗಿದವಳು.

ಅವಳ ಪಾಲಿಗೆ ಬಂದ ಪಾಂಡೆಲಿಸ್ ಎಂಬ ಗ್ರೀಕ್ ಅಜ್ಜ ಸಿಡ್ನಿಯಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ಅವರ ತಂದೆತಾಯಿ ಸ್ಮಿರ್ನಾದವರು, ತುರ್ಕರ ನಾಡಿನ ಆ ಬಂದರಿನಲ್ಲಿ ತಲೆಮಾರುಗಳಿಂದ ಅಂಗಡಿ ಇಟ್ಟಿದ್ದ ಗ್ರೀಕರು. 1922ರಲ್ಲಿ, ಅಲ್ಲಿ ಬಂದಿಳಿದಿದ್ದ ಗ್ರೀಸಿನ ಸೈನ್ಯ ತುರ್ಕರಿಗೆ ಸೋತು ಊರು ಹೊತ್ತಿ ಉರಿದಾಗ, ಬಂದರುಕಟ್ಟೆಯ ನೂಕುನುಗ್ಗಲಿನಲ್ಲಿ ಅವರ ಇಬ್ಬರು ಪುಟ್ಟ ಹೆಣ್ಣುಮಕ್ಕಳು, ದೆಸ್ಪಿನಾ ಮತ್ತು ಮರೀಕಾ, ಸತ್ತರು. ಪಾಂಡೆಲಿಸ್ ಹುಟ್ಟಿದ್ದು ಎಷ್ಟೋ ವರ್ಷಗಳ ಮೇಲೆ, ಗ್ರೀಸಿನ ನಿರಾಶ್ರಿತರ ಕೇರಿಯಲ್ಲಿ. ತಾಯಿ ಅವರಿಗೆ ಊಟ ಬಡಿಸುವಾಗಲೂ ಆ ಹುಡುಗಿಯರನ್ನು ನೆನೆದು ಅಳುತ್ತಿದ್ದಳಂತೆ.

ಗ್ರೀಕರಿಗೆ ಮಾರ್ಚ್ 25 ತುರ್ಕರ ವಿರುದ್ಧದ ಸ್ವಾತಂತ್ರ್ಯ ಹೋರಾಟದ ಹಬ್ಬ. ಇಪ್ಪತ್ತು ವರ್ಷಗಳ ಹಿಂದೆ ಸಿಡ್ನಿಯಲ್ಲಿ ಆ ಹಬ್ಬದ ಸಭೆಯಲ್ಲೇ ಮೇಷ್ಟ್ರು ಎದ್ದು ನಿಂತು ಬೇರೊಂದು ಚರಿತ್ರೆ ಹೇಳಿದರು. 1827ರಲ್ಲಿ ಹೋರಾಟ ಇನ್ನೇನು ಸೋತೇಹೋಗಿತ್ತು, ಇಂಗ್ಲಿಷರ, ಫ್ರೆಂಚರ, ರಷ್ಯನ್ನರ ಹಡಗುಗಳು ನವರೀನೋ ಕೊಲ್ಲಿಗೆ ಬಂದು ತುರ್ಕರ ನೌಕಾಪಡೆಯನ್ನು ಮುಳುಗಿಸಿದ್ದರಿಂದ ಉಳಿಯಿತು. ಆ ಹಡಗುಗಳು ಬಾರದೇ ಹೋಗಿದ್ದರೆ? ಗ್ರೀಸ್ ಎಂಬ ರಾಜ್ಯವೇ ಇರುತ್ತಿರಲಿಲ್ಲ, ಅದರ ಸೈನ್ಯ ಸ್ಮಿರ್ನಾದಲ್ಲಿ ಬಂದಿಳಿಯುತ್ತಿರಲಿಲ್ಲ, ಊರು ಉರಿಯುತ್ತಿರಲಿಲ್ಲ. ಪರರ ಆಳ್ವಿಕೆಯಲ್ಲಾದರೂ ತನ್ನ ಅಕ್ಕಂದಿರು ಬದುಕಿ ಮುದುಕಿಯರಾಗುತ್ತಿದ್ದರು. ಸಭೆಯಲ್ಲಿ ಕುರ್ಚಿ ಹಾರಿತು. ಮಗ ಥಾನಾಸಿಸ್ ಎಲ್ಲರೆದುರೇ ಅಪ್ಪನನ್ನು ದ್ರೋಹಿ ಎಂದು ಕರೆದು ಹೊರನಡೆದ. ಮೇಷ್ಟ್ರು ಮೆಲ್ಬರ್ನ್ ಸೇರಿದರು, ಮಾತುಕತೆ ನಿಂತುಹೋಯಿತು.

ಇದನ್ನೆಲ್ಲ ನೆನಪು ಚೆನ್ನಾಗಿದ್ದ ದಿನಗಳಲ್ಲಿ ಅವರೇ ಯುಜಿನಿಯಾಗೆ ಹೇಳಿದ್ದು. ಅವಳಿಗೆ ಅದು ಹುಚ್ಚೆನಿಸಲಿಲ್ಲ. "ಸುಲ್ತಾನನ ಸೈನ್ಯ ನಮ್ಮ ಕ್ರಿಸ್ತುವರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಎಳ್ಕೊಂಡು ಹೋದ ಕತೆ ಹೇಳುವಾಗ ನಮ್ಮ ಅಜ್ಜಿ ಸಹ ಹೀಗೇ ಮಾರಾಯ್ತಿ. ಆ ದಿನ ಹೊಳೆ ತುಂಬಿ ಬಂದಿದ್ರೆ ಅವರಿಗೆ ದಾಟ್ಲಿಕ್ಕೇ ಆಗ್ತಿರ್ಲಿಲ್ಲ ಅಂತ ಹೇಳ್ತಿದ್ರು," ಎಂದಳು ನನ್ನೊಡನೆ.

ಮರೆವು ಬಲಿತಂತೆ ಆ ಬೇರೆ ಚರಿತ್ರೆಯೇ ಅಜ್ಜನಿಗೆ ನಿಜವಾಯಿತು. ಹಡಗು ಬರಲಿಲ್ಲ, ಸ್ಮಿರ್ನಾ ಹಾಗೇ ಇದೆ, ಅಕ್ಕಂದಿರು ಅಲ್ಲಿ ಸುಖವಾಗಿದ್ದಾರೆ. ಊಟ ಬೇಡವೆಂದು ಹಟ ಹಿಡಿದರೆ ಯುಜಿನಿಯಾ, ದೆಸ್ಪಿನಾ ಮಾಡಿ ಕಳಿಸಿದ್ದು ಎನ್ನುವಳು. ತಟ್ಟೆ ಖಾಲಿಯಾಗುವುದು.

ಕಳೆದ ಮಾರ್ಚಿನಲ್ಲಿ ಥಾನಾಸಿಸ್ ಸಿಡ್ನಿಯಿಂದ ಬಂದ. ಅವನ ತಲೆಯೂ ನರೆತಿತ್ತು. ಕ್ಷಮೆ ಕೇಳಲು ಬಂದಿದ್ದ. ಅಜ್ಜ ಅವನನ್ನು ಮರ್ಯಾದೆಯಿಂದ ಕೂರಿಸಿ, "ನೀವು ಬೇರೆ ಯಾರನ್ನೋ ಹುಡುಕ್ತಿದ್ದೀರಿ. ನನಗೆ ಮಗ ಇಲ್ಲ. ನಾನೇ ಹುಟ್ಟಿಲ್ಲ. ನಮ್ಮಮ್ಮನಿಗೆ ಇಬ್ಬರೇ ಹೆಣ್ಣುಮಕ್ಕಳು," ಎಂದರು.

ಅವರ ತರ್ಕದಲ್ಲಿ ತಪ್ಪಿರಲಿಲ್ಲ. ಸ್ಮಿರ್ನಾ ಉರಿಯದಿದ್ದರೆ ನಿರಾಶ್ರಿತರ ಕೇರಿ ಇಲ್ಲ, ಅಲ್ಲಿ ಹುಟ್ಟುವ ಪಾಂಡೆಲಿಸ್ ಇಲ್ಲ, ಆಸ್ಟ್ರೇಲಿಯಾ ಇಲ್ಲ, ಥಾನಾಸಿಸ್ ಇಲ್ಲ.

ದಿನಾ ಬಂದು ದಿನಾ ಅದೇ ಉತ್ತರ ಕೇಳಿದ ಮಗ ಕೊನೆಗೆ ಯುಜಿನಿಯಾಳ ಕೈ ಹಿಡಿದುಕೊಂಡ. "ಒಂದೇ ಸಲ ನನ್ನ ಹೆಸರು ಹಿಡಿದು ಕರೀಲಿ. ನೀವು ಹೇಳಿದ್ರೆ ಅವರು ಕೇಳ್ತಾರೆ."

ಅವಳು ಕೈ ಬಿಡಿಸಿಕೊಂಡಳು. ಕಲಿತ ಪಾಠ ಬದಿಗಿಟ್ಟು ಅಜ್ಜನ ಪಕ್ಕ ಕುಳಿತಳು.

"ಅಜ್ಜ, ಹಡಗು ಬಂದಿತ್ತು."

"ನವರೀನೋಗಾ?"

"ಹೌದು. ಗ್ರೀಕರು ಗೆದ್ದರು."

ಅಜ್ಜ ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. "ಹಾಗಾದ್ರೆ ಸ್ಮಿರ್ನಾ?"

"ಸುಟ್ಟುಹೋಯ್ತು."

"ಹುಡುಗಿಯರು?"

ಅವಳು ಅದನ್ನೂ ಹೇಳಿದಳು. ಮುದಿ ಗಂಡಸೊಬ್ಬ ಹಾಗೆ ಎದೆ ಬಡಿದುಕೊಂಡು ಅತ್ತದ್ದನ್ನು ಅವಳು ಕಂಡಿರಲಿಲ್ಲ. ಅಳುತ್ತಳುತ್ತಲೇ ಅವರು ಬಾಗಿಲ ಬಳಿ ನಿಂತವನನ್ನು ನೋಡಿ, "ಥಾನಾಸಿ," ಎಂದರು. ಮಗ ಓಡಿಬಂದು ಅಪ್ಪನ ಮಡಿಲಲ್ಲಿ ಮುಖವಿಟ್ಟ.

ಸಂಜೆ ವಿಮಾನಕ್ಕೆ ಅವನು ಸಿಡ್ನಿಗೆ ಹೋದ. ಬೆಳಗಾಗುವಷ್ಟರಲ್ಲಿ ಮಗ ಬಂದದ್ದು ಅಜ್ಜನಿಗೆ ಮರೆತುಹೋಗಿತ್ತು. ಅಕ್ಕಂದಿರು ಸತ್ತದ್ದು ಮಾತ್ರ ಮರೆಯಲಿಲ್ಲ. ತಟ್ಟೆ ಹಿಡಿದು ಯುಜಿನಿಯಾ ಏನೆಲ್ಲ ಹೇಳಿದರೂ ಬಾಯಿ ತೆರೆಯದೆ, ಈಸ್ಟರ್ ಆದ ಮರುವಾರ ತೀರಿಕೊಂಡರು.

ಶವಸಂಸ್ಕಾರದ ದಿನ ಥಾನಾಸಿಸ್ ನೆರೆದವರ ಮುಂದೆ, ನನಗೆ ನನ್ನಪ್ಪನನ್ನು ವಾಪಸ್ ಕೊಟ್ಟವರು ಇವರು ಎಂದು ಅವಳಿಗೆ ತಲೆಬಾಗಿದನಂತೆ. ನನ್ನ ಅಡುಗೆಮನೆಯಲ್ಲಿ ಕೂತು ಅದನ್ನು ಹೇಳಿದಳು.

"ಅವನು ಅಲ್ಲಿ ನಂಗೆ ಥ್ಯಾಂಕ್ಸ್ ಹೇಳುದು ಊರ್ಮಿಳಾ. ಆ ಎರಡು ಮಕ್ಕಳು ಅಜ್ಜನ ಹತ್ರ ಜೀವಂತ ಇದ್ದವು. ಅವನ್ನು ಕೊಂದದ್ದು ನಾನು."

ಹಾಗಲ್ಲ ಎನ್ನಬೇಕಿತ್ತು. ಸುಳ್ಳು ಹೇಳಿ ಸಮಾಧಾನ ಮಾಡುವ ವಿದ್ಯೆ ನನಗೆ ಬರುವುದಿಲ್ಲ.