ವಾರಂಟಿ ಇಲ್ಲದ್ದೇ ಕೊಡಿ ಎಂದದ್ದು

೧೯೯೧ರಲ್ಲಿ ಏಳನೇ ತರಗತಿಯ ಪುಸ್ತಕ ಮುಚ್ಚಿಟ್ಟು ದೋಣಿ ಹತ್ತಿದೆ. ಲೆಕ್ಕದಲ್ಲಿ ತರಗತಿಗೆ ನಾನೇ ಮುಂದಿದ್ದೆ, ಹೇಳಿಕೊಳ್ಳಲು ಸಂಕೋಚವಿಲ್ಲ. ಮನೆಯಲ್ಲಿ ಬಲೆ ಎಳೆಯಲು ಒಂದು ಕೈ ಕಡಿಮೆ ಇತ್ತು, ಅಷ್ಟೆ. ದುಡಿದು ದುಡಿದು ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ ತಾಂಡೇಲನಾದೆ, ಅಂದರೆ ದೋಣಿ ನಡೆಸಿ, ಬಲೆ ಎಲ್ಲಿ ಬಿಡಬೇಕೆಂದು ಹೇಳುವವನು.

ಆ ‘ಎಲ್ಲಿ’ ಎಂಬುದೇ ನನ್ನ ಆಸ್ತಿ. ನೀರಿನಡಿ ಬಂಡೆ ಎಲ್ಲಿದೆ, ಯಾವ ತಿಂಗಳು ಮೀನು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಜಿಪಿಎಸ್ಸಿನ ಅಂಕಿಗಳಲ್ಲಿ ಗುರುತು ಮಾಡಿಕೊಳ್ಳುತ್ತೇವೆ. ಪಾಯಿಂಟು ಎನ್ನುತ್ತೇವೆ. ಎಷ್ಟೋ ಬಲೆ ಹರಿದ ಮೇಲೆ ಸಿಕ್ಕಿದ್ದು, ಒಡಹುಟ್ಟಿದವನಿಗೂ ಹೇಳುವುದಿಲ್ಲ. ನನ್ನವು ನೂರ ಎಂಬತ್ತಾರು. ಮಗಳು ಕಾಲೇಜಿಗೆ ಹೋಗುವಾಗ ತಂದ ಕಂಪ್ಯೂಟರಿಗೆ ಅಷ್ಟನ್ನೂ ಒಂದೇ ಬೆರಳಿನಲ್ಲಿ ಒತ್ತಿ ತುಂಬಿಸಿದ್ದೆ.

ಕಳೆದ ಜುಲೈ, ಮೀನುಗಾರಿಕೆ ಬಂದ್ ಇದ್ದ ತಿಂಗಳು. ದೋಣಿಯ ಜಿಪಿಎಸ್ ಉಪ್ಪುನೀರು ಕುಡಿದು ಸತ್ತಿತ್ತು. ಪಾಯಿಂಟು ಮನೆಯಲ್ಲಿದೆಯಲ್ಲ ಎಂದು ಧೈರ್ಯದಿಂದ ಕಂಪ್ಯೂಟರ್ ಹಾಕಿದರೆ ಒಳಗಿಂದ ಟಕ್, ಟಕ್. ಪರದೆ ಬೆಳಗಲು ಇಪ್ಪತ್ತು ನಿಮಿಷ. ಕುಮಟಾದಲ್ಲಿ ಕೆಲಸಕ್ಕಿರುವ ಮಗಳಿಗೆ ಫೋನಿನಲ್ಲಿ ಆ ಸದ್ದು ಕೇಳಿಸಿದೆ.

“ಅಪ್ಪಾ, ಮೊದ್ಲು ಆಫ್ ಮಾಡು. ಹಾರ್ಡ್ ಡಿಸ್ಕ್ ಹೋಗ್ತಾ ಇದೆ. ಎಸ್ಸೆಸ್ಡಿ ಅಂತ ಹೊಸ ನಮೂನೆ ಡಿಸ್ಕ್ ಬರ್ತದೆ, ಅದನ್ನ ಹಾಕ್ಸು, ಸಣ್ಣದೇ ಸಾಕು. ಹೊನ್ನಾವರದಲ್ಲಿ ಕೊಟ್ರೆ ಅವ್ರೇ ಎಲ್ಲ ಕಾಪಿ ಮಾಡಿ ಕೊಡ್ತಾರೆ.”

ಕಾಪಿ ಎಂಬ ಮಾತು ಕೇಳಿದ್ದೇ ಫೋನ್ ಇಟ್ಟುಬಿಟ್ಟೆ. ಹೊನ್ನಾವರದ ಆ ಅಂಗಡಿಯವನ ಭಾವನಿಗೂ ಒಂದು ದೋಣಿ ಇದೆ.

ನನ್ನ ಗುರುತು ಯಾರಿಗೂ ಇಲ್ಲದ ಭಟ್ಕಳಕ್ಕೆ ಬಸ್ಸು ಹತ್ತಿದೆವು. ಹೆಂಡತಿಯನ್ನೂ ಕರೆದುಕೊಂಡೆ. ಮೀನು ಮಾರುವವಳು, ಚೌಕಾಸಿಯಲ್ಲಿ ಅವಳ ಮುಂದೆ ನಾನು ಯಾವ ಲೆಕ್ಕ?

ಅಲ್ಲಿಯ ಕಂಪ್ಯೂಟರ್ ಅಂಗಡಿಯಲ್ಲಿ ಎಸ್ಸೆಸ್ಡಿ ಕೇಳಿದಾಗ ಗಲ್ಲೆಯಲ್ಲಿದ್ದ ಹಿರಿಯರು, “ಹಳೇ ಡಿಸ್ಕಿನ ಒಳಗೆ ಎಂತ ಇದೆ? ಫೋಟೋನಾ?” ಎಂದರು.

“ಹೌದು. ಮಗಳ ಮದುವೆದು.” ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

“ಹಾಗಾದ್ರೆ ದೊಡ್ಡದೇ ಬೇಕು,” ಎಂದು ಅವರು ದುಬಾರಿ ಡಿಸ್ಕು ತೆಗೆದಿಟ್ಟರು.

“ಯಾರ ಮದುವೆ?” ಎಂದಳು ಹೆಂಡತಿ. “ಅವಳಿಗೆ ಇನ್ನೂ ಗಂಡೇ ನೋಡಲಿಲ್ಲ.”

ಹಿರಿಯರು ನಕ್ಕು, ದೊಡ್ಡದನ್ನು ಒಳಗಿಟ್ಟು, ಅಗ್ಗದ ಎರಡು ಡಿಸ್ಕು ಮುಂದಿಟ್ಟರು. ಎರಡೂ ಇನ್ನೂರೈವತ್ತಾರು ಜಿಬಿ, ಹಪ್ಪಳದಷ್ಟು ಹಗುರ. ಒಂದಕ್ಕೆ ಮೂರು ವರ್ಷದ ವಾರಂಟಿ. ಇನ್ನೊಂದಕ್ಕೆ ವಾರಂಟಿಯೂ ಇಲ್ಲ, ಹೇಳಿಕೊಳ್ಳುವಂಥ ಹೆಸರೂ ಇಲ್ಲ. ಬೆಲೆ ಇನ್ನಷ್ಟು ಕಡಿಮೆ.

“ವಾರಂಟಿದು ಕೆಟ್ರೆ ಎಂತ ಮಾಡೂದು?”

“ಅದನ್ನ ಕಂಪನಿಗೆ ಕಳ್ಸೂದು. ಹೊಸದು ಬರ್ತದೆ.”

“ಒಳಗಿದ್ದದ್ದು?”

“ಅದು ಡಿಸ್ಕಿನ ಸಂಗಡವೇ ಹೋಯ್ತು.”

ಅಂದರೆ ನನ್ನ ಸಮುದ್ರ ಗುರುತಿಲ್ಲದವನ ಮೇಜಿಗೆ. “ಹಾಗಾದ್ರೆ ವಾರಂಟಿ ಇಲ್ದಿದ್ದೇ ಕೊಡಿ ಸಾಹೇಬ್ರೆ,” ಎಂದೆ.

“ಮೂವತ್ತು ವರ್ಷ ಆತು ಇಲ್ಲಿ ಕೂತು,” ಎಂದರು ಅವರು. “ವಾರಂಟಿ ಬೇಡ ಅಂದವ್ರು ನೀವೇ ಮೊದ್ಲು.”

ಹೆಂಡತಿ ಎರಡನ್ನೂ ತಿರುಗಿಸಿ ನೋಡಿದಳು. “ಇದನ್ನ ಮಾಡಿದವ ಎಂತ ಹೇಳ್ತಾನೆ?”

“ಮೂರು ವರ್ಷ ಬರ್ತದೆ ಅಂತಾನೆ.”

“ಇದನ್ನ ಮಾಡಿದವ?”

“ಅವ ಎಂತದೂ ಹೇಳೂದಿಲ್ಲ.”

ಅವಳು ನನ್ನ ಕಡೆ ತಿರುಗಿದಳು. “ಬಂಗಡೆ ನಿನ್ನೆದಾದ್ರೆ ನಿನ್ನೆದು ಅಂತ ಹೇಳಿಯೇ ನಾನು ಮಾರೂದು. ಕೇಳಿದ್ರೂ ಬಾಯಿ ಬಿಡದವಳ ಬುಟ್ಟಿಗೆ ನೀವು ಕೈ ಹಾಕ್ತೀರಾ? ಕೆಟ್ರೆ ವಾಪಸ್ ಕೊಡಬೇಡಿ, ಯಾರು ಕೊಡಿ ಅಂದ್ರು? ಮಾಡಿದವನಿಗೆ ಅದರ ಮೇಲೆ ಧೈರ್ಯ ಇದೆಯಾ ಇಲ್ವಾ ಅಷ್ಟು ನೋಡಿ.”

ವಾರಂಟಿ ಇದ್ದದ್ದನ್ನೇ ಕಟ್ಟಿಸಿದೆ.

ಹಿರಿಯರು ದನಿ ತಗ್ಗಿಸಿ, “ಪಾಯಿಂಟಾ?” ಎಂದರು. ಬಲೆ ಹಗ್ಗ ಕೊಯ್ದ ನನ್ನ ಅಂಗೈ ಮೇಜಿನ ಮೇಲಿತ್ತು. “ನಾನು ನೋಡೂದಿಲ್ಲ. ಈ ವೈರ್ ತಕೊಂಡು ಹೋಗಿ, ಮನೇಲೇ ಕಾಪಿ ಮಾಡಿ. ಆದ್ರೆ ಎಷ್ಟು ಒಳ್ಳೆ ಡಿಸ್ಕಾದ್ರೂ ಒಂದೇ ಕಡೆ ಇಡಬೇಡಿ. ಬರೀ ಅಂಕಿ ಅಲ್ವಾ? ಒಂದು ಫೋಟೋದಷ್ಟೂ ಜಾಗ ಬೇಡ.”

ಇಷ್ಟು ವರ್ಷದ ಸಮುದ್ರ ಒಂದು ಫೋಟೋದಷ್ಟೂ ಇಲ್ಲವೆಂದಾಗ ಸ್ವಲ್ಪ ಚುಚ್ಚಿತು, ಸುಳ್ಳೇಕೆ.

ಮನೆಯಲ್ಲಿ ಮಗಳು ಫೋನಿನಲ್ಲಿ ಹೇಳುತ್ತ ಹೋದಳು, ಸ್ಕ್ರೂ ಬಿಚ್ಚಿದ್ದು ನಾನು. ಹಳೆಯದು ಟಕ್ ಟಕ್ ಎನ್ನುತ್ತಲೇ ಎರಡೂವರೆ ತಾಸು ತನ್ನೊಳಗಿನದ್ದನ್ನು ಹೊಸದಕ್ಕೆ ಸುರಿಯಿತು. ಜ್ವರದವರ ಪಕ್ಕ ಕೂತಂತೆ ಕೂತಿದ್ದೆ. ಹೊಸದನ್ನು ಒಳಗೆ ಕೂರಿಸಿ ಸ್ವಿಚ್ ಹಾಕಿದೆ. ಚಹಾಕ್ಕೆ ಹೆಂಡತಿ ಸಕ್ಕರೆ ಡಬ್ಬಿ ಹುಡುಕುವಷ್ಟರಲ್ಲಿ ಪರದೆ ಬೆಳಗಿತು. ಪಟ್ಟಿ ತೆಗೆದೆ. ಮೊದಲನೆಯದೂ ಇತ್ತು, ಕೊನೆಯದೂ ಇತ್ತು.

ಒಂದೇ ಕಡೆ ಇಡಬಾರದೆಂದರಲ್ಲ, ಮರುದಿನ ನಾನು ಓದಿದೆ, ಅವಳು ನೋಟ್‌ಬುಕ್ಕಿನಲ್ಲಿ ಬರೆದಳು. ಅವಳು ಮೆಟ್ರಿಕ್ ಪಾಸು, ಅಕ್ಷರ ದುಂಡಗೆ. ನಡುವೆ ಪೆನ್ನು ನಿಲ್ಲಿಸಿ ಹಿಂದಿನ ಪುಟ ತಿರುವಿದಳು.

“ಇದು ಆಗಲೇ ಬರೆದಾತು. ಒಂದೇ ಬಂಡೆ ಎರಡು ಸಲ ಹಾಕಿದೀರಿ. ಲೆಕ್ಕದಲ್ಲಿ ಮುಂದಿದ್ದೆ ಅಂತಿದ್ರಿ?”

ಆಗಸ್ಟಿನಲ್ಲಿ ಹೊಸ ಜಿಪಿಎಸ್ಸಿಗೆ ಎಲ್ಲ ತುಂಬಿಸಿ ದೋಣಿ ಇಳಿಸಿದೆ.

ಈಗ ನನ್ನ ಹತ್ತಿರ ಇರುವುದು: ದೋಣಿ ಒಂದು, ಬಲೆ ಮೂರು. ಡಿಸ್ಕು ಎರಡು, ಹಳೆಯದು ಅಕ್ಕಿ ಡಬ್ಬಿಯ ತಳದಲ್ಲಿ. ನೋಟ್‌ಬುಕ್ ಒಂದು. ಪಾಯಿಂಟು ನೂರ ಎಂಬತ್ತೈದು.