ಖಾಲಾರ ಮಷೀನು ತುಳಿದ ವರ್ಷ

ಮೊನ್ನೆ ಚಳಿ ಶುರುವಾಯಿತೆಂದು ಹೆಂಡತಿ ಮಂಚದ ಕೆಳಗಿನ ಟ್ರಂಕು ಎಳೆದು ಮುಚ್ಚಳ ತೆಗೆದಳು. ನುಸಿಗುಳಿಗೆಯ ವಾಸನೆ ಮನೆಯೆಲ್ಲ ಹರಡಿತು. ಬೇರೆಯವರಿಗೆ ಆ ವಾಸನೆಯಿಂದ ರೇಷ್ಮೆ ಸೀರೆಯೋ, ಮದುವೆಯ ಶಾಲೋ ನೆನಪಾಗಬಹುದು. ನನಗೆ ಫುಟ್‌ಬಾಲ್ ನೆನಪಾಗುತ್ತದೆ! ಹೇಳಿದರೆ ಹೆಂಡತಿ ನಗುತ್ತಾಳೆ. ನಗಲಿ. ನನ್ನ ಬೂಟುಗಳು ಹೆಚ್ಚುಕಡಿಮೆ ಒಂದು ವರ್ಷ ಇಂಥದೇ ಒಂದು ಟ್ರಂಕಿನಲ್ಲಿ, ಇಂಥದೇ ಗುಳಿಗೆಗಳ ನಡುವೆ ಕೈದಿಯಾಗಿದ್ದವು. ಬೀಗದ ಕೈ ಇದ್ದದ್ದು ಖಾಲಾರ ಕೊರಳಲ್ಲಿ.

ಖಾಲಾ ಎಂದರೆ ಉರ್ದುವಿನಲ್ಲಿ ಚಿಕ್ಕಮ್ಮ; ನಮಗೆ ಪಕ್ಕದ ಮನೆಯವರು. ದಾಂಡೇಲಿಯ ನಮ್ಮ ಚಾಳಿನಲ್ಲಿ ಎರಡು ಮನೆಗೂ ಒಂದೇ ಗೋಡೆ. ಈ ಕಡೆ ಅವ್ವ ಮೆಣಸಿನಕಾಯಿ ಹುರಿದರೆ ಆ ಕಡೆ ಖಾಲಾ ಸೀನಿ, ಸೀನಿದ ಮೇಲೆ ಅವ್ವನಿಗೆ ಬೈಯುತ್ತಿದ್ದರು. ಗಂಡ ಮಿಲ್ಲಿನಲ್ಲಿದ್ದವರು, ತೀರಿಕೊಂಡಿದ್ದರು. ಮಗಳನ್ನು ಮುಂಡಗೋಡಕ್ಕೆ ಕೊಟ್ಟಿದ್ದರು. ಕಾಲಿನಿಂದ ತುಳಿಯುವ ಒಂದು ಹೊಲಿಗೆ ಮಷೀನು ಕಿಟಕಿಯ ಪಕ್ಕದಲ್ಲಿ ಇಟ್ಟುಕೊಂಡು ಇಡೀ ಚಾಳಿನ ಜಂಪರು, ಲಂಗ, ಶಾಲೆಯ ಯೂನಿಫಾರ್ಮು ಎಲ್ಲ ಹೊಲಿಯುತ್ತಿದ್ದರು. ಬಾಯಿ ಬಹಳ ಜೋರು. ಮಷೀನಿನ ಸದ್ದಿಗಿಂತ ಮೇಲೆ ಮಾತಾಡಿ ಮಾತಾಡಿ ಹಾಗಾಗಿತ್ತೋ ಏನೋ...

ತೊಂಬತ್ತರ ದಶಕದ ಕೊನೆಯ ಮಾತು ಇದು. ಹಗಲು ಗಾಡಿ ಬಿಡಿಭಾಗದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ, ಸಂಜೆ ಮೈದಾನದಲ್ಲಿರುತ್ತಿದ್ದೆ. ಅಂಗಡಿಯಲ್ಲಿ ನಾನು ಯಾರೂ ಅಲ್ಲ. ಮೈದಾನದಲ್ಲಿ ಸೆಂಟರ್ ಫಾರ್ವರ್ಡ್. ಚಹಾದ ಅಂಗಡಿಯವರು, ಬಸ್ ಸ್ಟ್ಯಾಂಡಿನ ಹಮಾಲರು, ಎಲ್ಲರೂ ಗುರುತು ಹಿಡಿದು "ಏನಪಾ, ಇವತ್ತ ಎಷ್ಟು ಗೋಲು?" ಎಂದು ಕೇಳುತ್ತಿದ್ದರು. ಆ ಮಾತಿನ ರುಚಿ ಹತ್ತಿದವನಿಗೆ ಬೇರೆ ಯಾವುದೂ ರುಚಿಸುವುದಿಲ್ಲ. ದಸರೆಯ ಮುಂಚೆ ಒಂದು ಸಂಜೆ, ಸುಮ್ಮನೆ ನಮ್ಮ ನಮ್ಮಲ್ಲೇ ಆಡುತ್ತಿದ್ದಾಗ, ಚೆಂಡು ಎಡಕ್ಕೆ ಹೋಯಿತು, ನಾನೂ ಎಡಕ್ಕೆ ಹೋದೆ, ಮೊಣಕಾಲು ಮಾತ್ರ ಬಲಕ್ಕೆ ಹೋಯಿತು. ಯಾರೂ ಮುಟ್ಟಿರಲಿಲ್ಲ. ಒಳಗೆ ಏನೋ ಟಪ್ ಎಂದದ್ದು ನನಗೆ ಕೇಳಿಸಿತು.

ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಡಾಕ್ಟರು ಒಳ್ಳೆಯವರು, ತಿಳಿಯುವ ಹಾಗೆ ಹೇಳಿದರು: ಮೊಣಕಾಲಿನ ಒಳಗೆ ಎಲುಬುಗಳನ್ನು ಹಿಡಿದಿಡುವ ಒಂದು ಹಗ್ಗವಿರುತ್ತದೆ, ಅದು ಹರಿದಿದೆ, ಹೊಸದನ್ನು ಕಟ್ಟಿದ್ದೇನೆ, ಅದು ಬೇರೂರಬೇಕು. ನೋವು ಬೇಗ ಹೋಗುತ್ತದೆ, ನೋವು ಹೋದ ಕೂಡಲೇ ಕಾಲು ತಯಾರಾಯಿತೆಂದು ತಿಳಿಯಬೇಡ. ಮೊದಲು ನಡೆ, ಆಮೇಲೆ ಓಡು, ಆಮೇಲೆ ತಿರುಗುವುದನ್ನು ಕಲಿ, ಚೆಂಡು ಅದರ ನಂತರ. ಪಂದ್ಯದ ಹೆಸರನ್ನು ಬರುವ ಮಳೆಗಾಲ ಮುಗಿಯುವ ತನಕ ಎತ್ತಬೇಡ. ನಾನು ತಲೆ ಅಲ್ಲಾಡಿಸಿದೆ. ಒಳಗೆ ಮಾತ್ರ ಚಳಿಗಾಲದ ಟೂರ್ನಮೆಂಟಿನ ಲೆಕ್ಕ ಹಾಕುತ್ತಿದ್ದೆ. ಅವ್ವನ ಜೊತೆ ಬಂದಿದ್ದ ಖಾಲಾ ಮೂಲೆಯಲ್ಲಿ ನಿಂತು ಡಾಕ್ಟರರ ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡರು, ನನ್ನ ಮುಖವನ್ನೂ ನೋಡಿಕೊಂಡರು.

ಮನೆಗೆ ಬಂದ ಮರುದಿನ ಒಂದು ಡಬ್ಬಿ ಕುರಿಗಾಲಿನ ಪಾಯಾ ಸೂಪು ಹಿಡಿದುಕೊಂಡು ಬಂದರು. "ಕಾಲಿಗೆ ಕಾಲಿಂದ ಸೂಪು. ಕುಡಿ" ಎಂದರು. ಕುಡಿದೆ. ಕುಡಿಯುತ್ತಿದ್ದಂತೆ ಅವ್ವನನ್ನು ಕೇಳಿದರು, "ಇಂವನ ಬೂಟು ಎಲ್ಲಿ ಅದಾವ?" ಅವ್ವ ಬಾಗಿಲ ಹಿಂದೆ ಕೈ ತೋರಿಸಿದಳು. ನಾನು ಚಮಚ ಕೆಳಗಿಡುವುದರಲ್ಲಿ ಬೂಟು ಸೆರಗಿನ ಕೆಳಗೆ ಸೇರಿ ಗೋಡೆಯಾಚೆ ಹೋಗಿಬಿಟ್ಟಿದ್ದವು. ಟ್ರಂಕಿನ ಮುಚ್ಚಳ ಧಡ್ ಎಂದು ಬಿದ್ದ ಸದ್ದು ಗೋಡೆಯೊಳಗಿಂದ ಕೇಳಿಸಿತು.

ಊರುಗೋಲು ಬಿಟ್ಟ ಮೇಲೆ ನನಗೆ ಹೊತ್ತು ಹೋಗುತ್ತಿರಲಿಲ್ಲ. ಖಾಲಾರ ಹೊಸ್ತಿಲ ಮೇಲೆ ಕುರ್ಚಿ ಹಾಕಿಕೊಂಡು ಕುಳಿತು ದಾರಿಯಲ್ಲಿ ಹೋಗುವವರಿಗೆಲ್ಲ ಮುಖ ಸಿಂಡರಿಸುತ್ತಿದ್ದೆ. ರಮಜಾನ್ ತಿಂಗಳು, ಈದ್ ಹತ್ತಿರ ಬರುತ್ತಿತ್ತು, ಖಾಲಾರ ಮನೆಯಲ್ಲಿ ಬಟ್ಟೆಯ ಗುಡ್ಡ ಬಿದ್ದಿತ್ತು. ಉಪವಾಸದಲ್ಲಿ ಮಷೀನು ತುಳಿದು ಅವರ ಕಾಲು ಸೋತಿತ್ತು. ಒಂದು ಮಧ್ಯಾಹ್ನ ಮಷೀನು ನಿಲ್ಲಿಸಿ ನನ್ನನ್ನೇ ನೋಡಿದರು.

"ಡಾಕ್ಟರ್ ಏನಂದ್ರು? ಕಾಲು ಆಡಸು ಅಂದ್ರೋ ಇಲ್ಲೋ?"

"ಅಂದ್ರು."

"ಮತ್ತ ಕುರ್ಚಿ ಯಾಕ ಸವಸ್ತಿ? ಬಾ, ಇದನ್ನ ತುಳಿ."

ಅಲ್ಲಿಂದ ಶುರುವಾಯಿತು ನನ್ನ ಎರಡನೆಯ ವೃತ್ತಿ. ನಾನು ಸ್ಟೂಲಿನ ಮೇಲೆ, ಖಾಲಾ ಪಕ್ಕದಲ್ಲಿ ಇನ್ನೊಂದು ಸ್ಟೂಲು ಹಾಕಿಕೊಂಡು ಬಟ್ಟೆ ಹಿಡಿಯುವವರು. ಕೈಯಿಂದ ಗಾಲಿ ತಿರುಗಿಸಿ ಅವರು ಚಾಲೂ ಮಾಡುತ್ತಿದ್ದರು, ಕಾಲು ನನ್ನದು. ಸುಲಭ ಎಂದುಕೊಂಡಿದ್ದೆ. ಸುಲಭವಂತೆ! ಕಾಲು ಸ್ವಲ್ಪ ತಪ್ಪಿದರೆ ಗಾಲಿ ಹಿಂದಕ್ಕೆ ತಿರುಗಿ ದಾರ ಪಟ್ಟನೆ ಹರಿಯುತ್ತಿತ್ತು. ಜೋರು ಮಾಡಿದರೂ ಹರಿಯುತ್ತಿತ್ತು. ಖಾಲಾ ಹಲ್ಲು ಕಡಿದು ಸೂಜಿಗೆ ಮತ್ತೆ ದಾರ ಪೋಣಿಸುತ್ತಾ, "ಇದೇನು ಹಳಿಯಾಳದವರ ಗೋಲೇನೋ, ಹಂಗ ಓಡಸ್ತಿ? ಹಗೂರಕ ತುಳಿಯೋ" ಎಂದು ನಮ್ಮ ಕಾಯಂ ಎದುರಾಳಿ ತಂಡದ ಹೆಸರು ಎತ್ತಿ ಬೈಯುತ್ತಿದ್ದರು. ಹರಿದ ದಾರ, ಬೈಗುಳ, ಮತ್ತೆ ದಾರ. ಹೀಗೆ ಕೆಲವು ದಿನ ಹೋದ ಮೇಲೆ ಕಾಲಿಗೆ ಒಂದು ಲಯ ಬಂತು.

ತಪಾಸಣೆಗೆ ಹೋದಾಗ ಖಾಲಾ ಇದನ್ನು ಡಾಕ್ಟರರ ಮುಂದೆ ಒಪ್ಪಿಸಿದರು. ಡಾಕ್ಟರು ಕನ್ನಡಕ ತೆಗೆದು ನಕ್ಕರು. "ತುಳೀಲಿ, ಅಡ್ಡಿಯಿಲ್ಲ. ಆದ್ರ ನಾ ಹೇಳಿದ ವ್ಯಾಯಾಮ ಬಿಡಬಾರದು" ಎಂದರು. ಖಾಲಾ ಬಿಡಿಸುವವರೇ? ಪಾದಕ್ಕೆ ಭಾರ ಕಟ್ಟಿ ಎತ್ತಬೇಕೆಂದು ಹೇಳಿದ್ದಕ್ಕೆ ಹಳೆಯ ಪರದೆಯ ಬಟ್ಟೆಯಲ್ಲಿ ಒಂದು ಚೀಲ ಹೊಲಿದು, ಕಾಳಿ ನದಿಯ ಮರಳು ತುಂಬಿಸಿ, ಅಂಚಿಗೆ ಲೇಸು ಬೇರೆ ಹಚ್ಚಿ ಕೊಟ್ಟರು. ಲೇಸು ಯಾಕೆ ಎಂದರೆ, "ಉಳದಿತ್ತು, ಹಚ್ಚಿದೆ" ಎಂದರು. ಆ ಲೇಸಿನ ಚೀಲ ಕಟ್ಟಿಕೊಂಡು ಕಾಲು ಎತ್ತುತ್ತಿದ್ದ ನನ್ನನ್ನು ನೋಡಲು ತಂಡದ ಹುಡುಗರೆಲ್ಲ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕು ಹೋದರು.

ಊರಲ್ಲಿ ಸುದ್ದಿ ಹಬ್ಬಿತು. ಅಳತೆ ಕೊಡಲು ಬಂದ ಹೆಂಗಸರು ಬಾಗಿಲಲ್ಲೇ ನಿಂತು ಬಾಯಿ ಮುಚ್ಚಿ ನಗುತ್ತಿದ್ದರು. ನನ್ನನ್ನು ಹೊರಗೆ ಅಟ್ಟಿ ಅಳತೆ ತೆಗೆದುಕೊಂಡು ಮತ್ತೆ ಒಳಗೆ ಕರೆಯುವುದೇ ಖಾಲಾರಿಗೆ ಒಂದು ಕೆಲಸವಾಯಿತು. ಒಬ್ಬಾಕೆ ಜಂಪರು ತಿರುಗಿ ತಂದು, "ಏನ್ರೀ ಇದು, ಹೊಲಿಗಿ ಸೊಟ್ಟ ಹೋಗೈತಿ" ಎಂದು ಜಗಳ ತೆಗೆದಳು. ಖಾಲಾ ಬಟ್ಟೆ ತಿರುಗಿಸಿ ನೋಡಿ, ಒಂದಿಷ್ಟೂ ನಗದೆ ಹೇಳಿದರು, "ಸೆಂಟರ್ ಫಾರ್ವರ್ಡ್ ತುಳದಾನವಾ. ಚೂರು ಡ್ರಿಬ್ಲಿಂಗ್ ಬಂದೈತಿ." ಜಗಳಕ್ಕೆ ಬಂದಾಕೆ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡು ಅದೇ ಜಂಪರು ತೆಗೆದುಕೊಂಡು ಹೋದಳು.

ಅಷ್ಟರಲ್ಲಿ ಟೂರ್ನಮೆಂಟ್ ಬಂದೇ ಬಂತು. ನಮ್ಮವರು ನಾನಿಲ್ಲದೆಯೂ ತಿಣುಕಾಡುತ್ತ ಫೈನಲ್‌ಗೆ ಹೋದರು. ಎದುರಿಗೆ ಹಳಿಯಾಳದ ತಂಡ. ನಮ್ಮ ಕ್ಯಾಪ್ಟನ್ ಸೈಕಲ್ ಅಂಗಡಿಯವನು, ದಿನವೂ ಬಂದು ಗೋಗರೆಯುತ್ತಿದ್ದ. "ಅರ್ಧ ತಾಸು ಸಾಕಪಾ. ನೀ ಸುಮ್ನ ನಿಂತ್ರೂ ಸಾಕು, ನಿನ್ನ ನೋಡೇ ಹೆದರ್ತಾರ ಅವರು."

ಒಳಗಿನಿಂದ ಖಾಲಾ ಕೂಗಿದರು, "ಹೆದರಸಾಕ ಹೊಲದಾಗಿನ ಬೆದರುಗೊಂಬಿ ತಂದು ನಿಂದರಸು. ನಮ್ಮ ಹುಡುಗ ಯಾಕ ಬೇಕು?"

ನನಗೆ ಸಿಟ್ಟು ಬಂತು. ಕಾಲು ನೋಯುತ್ತಿರಲಿಲ್ಲ. ನಡೆಯುತ್ತಿದ್ದೆ, ಮೆಲ್ಲಗೆ ಓಡುವುದನ್ನೂ ಶುರುಮಾಡಿದ್ದೆ. "ನನ್ನ ಬೂಟು ಕೊಡ್ರಿ ಖಾಲಾ. ಕಾಲು ನನ್ನದು, ಬೂಟು ನನ್ನದು" ಎಂದು ರೇಗಿಬಿಟ್ಟೆ. ಬೈಯುತ್ತಾರೆ ಎಂದುಕೊಂಡರೆ ಬೈಯಲಿಲ್ಲ. ಕತ್ತರಿ ಕೆಳಗಿಟ್ಟು ಮೊದಲ ಸಲ ಗಂಡನ ಮಾತು ಎತ್ತಿದರು. ಅವರೂ ಮಿಲ್ಲಿನ ತಂಡದಲ್ಲಿ ಆಡುತ್ತಿದ್ದರಂತೆ. ಅವರದೂ ಮೊಣಕಾಲಿಗೇ ಪೆಟ್ಟು. ಮಲಗಿದ್ದವರನ್ನು ಜನ ಎಬ್ಬಿಸಿಕೊಂಡು ಹೋದರು, ಬಿಗಿಯಾಗಿ ಪಟ್ಟಿ ಸುತ್ತಿ ಫೈನಲ್ ಆಡಿಸಿದರು, ಗೆದ್ದರು, ಹೆಗಲ ಮೇಲೆ ಹೊತ್ತು ತಂದು ಇದೇ ಬಾಗಿಲಲ್ಲಿ ಇಳಿಸಿದರು.

"ಆ ಕಾಲು ಮತ್ತ ಮಡಚಲಿಲ್ಲ ಬೇಟಾ. ಆಮ್ಯಾಲೆ ಒಂದ ದಿನಾನೂ ನಮ್ಮ ಜೋಡಿ ನೆಲಕ್ಕ ಕುಂತು ಉಣಲಿಲ್ಲ ಅವರು. ನಾವು ಕೆಳಗ, ಅವರು ಕುರ್ಚಿ ಮ್ಯಾಲ. ಹೆಗಲ ಮ್ಯಾಲ ಹೊತ್ತವರು ಒಬ್ಬರೂ ಬಂದು ನೋಡಲಿಲ್ಲ."

ನಾನು ತಲೆ ತಗ್ಗಿಸಿ ಮನೆಗೆ ಬಂದೆ. ಆದರೂ ಆಸೆ ಸಾಯಲಿಲ್ಲ, ಸುಳ್ಳು ಯಾಕೆ ಹೇಳಲಿ.

ಫೈನಲ್ ದಿನ ಬೆಳಿಗ್ಗೆ ಕ್ಯಾಪ್ಟನ್ ಸೈಕಲ್ ಮೇಲೆ ಬಂದು ನಿಂತ. ಖಾಲಾ ಹೊರಗೆ ಬಂದರು, ಕೈಯಲ್ಲಿ ನನ್ನ ಬೂಟು! ನನ್ನ ಮುಂದೆ ಇಟ್ಟರು. "ನಾ ಬೀಗ ಹಾಕಿಟ್ರ ನೀ ಇನ್ನೊಬ್ಬರ ಬೂಟು ಹಾಕ್ಕೊಂಡು ಹೋಗ್ತಿ. ಅದಕ್ಕ ತಗೋ. ಆದ್ರ ಮೊದಲು ನನ್ನ ಮುಂದ ನಳದ ತನಕ ಓಡು. ಅಲ್ಲಿ ಆ ಕಾಲ ಮ್ಯಾಲ ತಿರುಗಿ ಬಾ. ಹೆದರದ ತಿರುಗಿದರ ಹೋಗು, ನಾ ಒಂದ ಮಾತು ಆಡೂದಿಲ್ಲ" ಎಂದರು.

ಓಡಿದೆ. ಚಾಳಿನ ತುದಿಯ ನಳದ ಕಟ್ಟೆಯ ತನಕ ಚೆನ್ನಾಗಿಯೇ ಓಡಿದೆ. ತಿರುಗಬೇಕಾದ ಜಾಗ ಬಂತು... ಕಾಲು ಕೇಳಲಿಲ್ಲ. ನಾನು ತಿರುಗು ಎನ್ನುತ್ತಿದ್ದೆ, ಅದು ತಾನೇ ಹೆಜ್ಜೆ ಸಣ್ಣ ಮಾಡಿಕೊಂಡು, ಒಳ್ಳೆಯ ಕಾಲಿನ ಮೇಲೆ ಭಾರ ಹಾಕಿ, ಚಕ್ಕಡಿ ಹೊರಳುವ ಹಾಗೆ ದೊಡ್ಡ ಸುತ್ತು ಹಾಕಿ ಬಂತು. ಹಿಂದಿರುಗಿ ನೋಡಿದರೆ ಖಾಲಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ನಾನು ಎಲ್ಲಿ ನಿಜವಾಗಿ ತಿರುಗಿಬಿಡುತ್ತೇನೋ ಎಂದು ಅವರ ಜೀವ ಹೋಗಿತ್ತಂತೆ. ಕೈ ತೆಗೆದು ಹೇಳಿದರು, "ನಾ ಬ್ಯಾಡ ಅಂದಿಲ್ಲಪಾ. ನಿನ್ನ ಕಾಲ ಬ್ಯಾಡ ಅಂತು."

ಕ್ಯಾಪ್ಟನ್ ನೋಡಿದ್ದ. ಆಡಿದವನೇ ತಾನೆ, ಅವನಿಗೆ ತಿಳಿಯಿತು. "ಬರ್ತೇನಿ ಖಾಲಾ" ಎಂದಷ್ಟೇ ಹೇಳಿ ಸೈಕಲ್ ತಿರುಗಿಸಿದ. ಬೂಟು ಮತ್ತೆ ಟ್ರಂಕು ಸೇರಿತು. ಸಂಜೆ ಖಾಲಾ ಬುರ್ಖಾ ಹಾಕಿಕೊಂಡು ನನ್ನ ಜೊತೆಗೇ ಮೈದಾನಕ್ಕೆ ಬಂದರು, ನಾನು ಕಣ್ಣು ತಪ್ಪಿಸಿ ಒಳಗೆ ಹೋಗಬಾರದಲ್ಲ! ನಮ್ಮವರು ಗೆದ್ದರು. ನನ್ನ ಜಾಗದಲ್ಲಿ ಆಡಿದವನೇ ಗೋಲು ಹೊಡೆದ. ಎಲ್ಲರೂ ಕುಣಿದರು, ನಾನೂ ಚಪ್ಪಾಳೆ ತಟ್ಟಿದೆ. ಖಾಲಾ ಬಗ್ಗಿ ಕೇಳಿದರು, "ಹೊಟ್ಟಿ ಉರೀತೈತೇನು?"

"ಉರೀತೈತ್ರಿ."

"ಉರೀಲಿ. ಹೊಟ್ಟಿ ಉರದ್ರ ಮೊಣಕಾಲಿಗೇನೂ ಆಗೂದಿಲ್ಲ."

ಅಳು ಬರುವಂತಿದ್ದವನು ನಕ್ಕುಬಿಟ್ಟೆ. ಮರುದಿನ ಮತ್ತೆ ಮಷೀನು ತುಳಿಯಲು ಕುಳಿತೆ.

ಬೇಸಿಗೆಯಲ್ಲಿ ಓಡಿದೆ. ಮಳೆಗಾಲದಲ್ಲಿ ಖಾಲಾರ ಪಡಸಾಲೆಯಲ್ಲಿ ತಿರುಗುವುದನ್ನು ಕಲಿತೆ, ಅವರು ಬಟ್ಟೆ ಕತ್ತರಿಸುವ ಚಾಪೆಯ ಸುತ್ತ. ಮೊದಲು ದೊಡ್ಡ ಸುತ್ತು, ಆಮೇಲೆ ಸಣ್ಣದು. ಮಳೆ ನಿಂತ ಮೇಲೆ ಡಾಕ್ಟರು ಕಾಲನ್ನು ಹಿಂದೆ ಮುಂದೆ ಎಳೆದು, ಒಂಟಿಕಾಲಿನಲ್ಲಿ ಜಿಗಿಸಿ ನೋಡಿ, "ಇನ್ನ ಆಡು" ಎಂದರು. ಖಾಲಾ ಅಲ್ಲೇ ಕೊರಳಿನ ದಾರದಿಂದ ಬೀಗದ ಕೈ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು.

ಮೊದಲ ಪಂದ್ಯದಲ್ಲಿ ನನ್ನನ್ನು ದ್ವಿತೀಯಾರ್ಧಕ್ಕೆ ಇಳಿಸಿದರು. ನನ್ನ ಬೆನ್ನು ಹತ್ತಿದ ಎದುರು ತಂಡದ ಡಿಫೆಂಡರ್ ಮೂಗು ಉಜ್ಜಿಕೊಂಡು ಸೀನಿದ. "ಏನೋ ಇದು ವಾಸನಿ? ಟ್ರಂಕಿನಾಗಿಂದ ಎದ್ದು ಬಂದಿಯೇನು?" ಎಂದ. ಹೌದು ಎಂದೆ. ಅವನು ಇನ್ನೊಮ್ಮೆ ಸೀನುವಷ್ಟರಲ್ಲಿ ಚೆಂಡು ದಾಟಿಸಿಕೊಂಡು ಹೋಗಿದ್ದೆ! ಸ್ವಲ್ಪ ಹೊತ್ತಿಗೆ ಅದೇ ಮಹಾರಾಯ ನನ್ನನ್ನು ಕೆಡವಿದ. ಮೊಣಕಾಲು ಹಿಡಿದುಕೊಂಡೆ, ಮಡಚಿದೆ, ಮಡಚಿತು. ಎದ್ದೆ. ಎದ್ದವನೇ ಖಾಲಾ ಕುಳಿತ ಕಡೆ ನೋಡಿದೆ. ಬೆಂಚಿನ ಮೇಲೆ ಕಣ್ಣು ಮುಚ್ಚಿಕೊಂಡು ಕುಳಿತಿದ್ದರು. ಬುರ್ಖಾದ ಕೆಳಗೆ ಅವರ ಪಾದ ಮಾತ್ರ ಹಗುರಕ್ಕೆ, ಒಂದೇ ಲಯದಲ್ಲಿ, ಇಲ್ಲದ ಮಷೀನನ್ನು ತುಳಿಯುತ್ತಿತ್ತು.

ಆ ದಿನ ನಾನು ಗೋಲು ಹೊಡೆಯಲಿಲ್ಲ. ಆದರೂ ಅಷ್ಟು ಸಂತೋಷದ ಪಂದ್ಯ ನಾನು ಬೇರೆ ಆಡಿಲ್ಲ. ರಾತ್ರಿಯೂಟ ಖಾಲಾರ ಮನೆಯಲ್ಲೇ ಆಯಿತು. ಊಟಕ್ಕೆ ಹಾಸಿದ ಬಟ್ಟೆಯ, ಆ ದಸ್ತರಖಾನಿನ ಮುಂದೆ ನಾನು ಚಕ್ಕಳಮಕ್ಕಳ ಹಾಕಿ ನೆಲಕ್ಕೆ ಕುಳಿತದ್ದನ್ನು ಅವರು ಒಂದು ಗಳಿಗೆ ನೋಡಿ ಬಿರ್ಯಾನಿ ಬಡಿಸಿದರು.

ಇನ್ನೂ ಹಲವು ವರ್ಷ ಆಡಿದೆ. ಖಾಲಾ ಕೊನೆಗೆ ಮಗಳ ಮನೆಗೆ ಮುಂಡಗೋಡಕ್ಕೆ ಹೋದರು, ಅಲ್ಲೇ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಕೆಲವು ದಿನಕ್ಕೆ ಒಂದು ಟೆಂಪೋದಲ್ಲಿ ಮಷೀನು ನಮ್ಮ ಮನೆಗೆ ಬಂತು. "ಅಮ್ಮಿ ನಿನಗ ಕೊಡಾಕ ಹೇಳಿದ್ರು" ಎಂದು ಮಗಳು ಫೋನಿನಲ್ಲಿ ಹೇಳಿದಳು. ಆಗ ಗೋಡೆಯಾಚೆ ಬೇರೆ ಯಾರೋ ಇದ್ದರು. ಮೆಣಸಿನಕಾಯಿ ಹುರಿದರೆ ಯಾರೂ ಬೈಯುತ್ತಿರಲಿಲ್ಲ...

ಮೊನ್ನೆ ಟ್ರಂಕು ತೆರೆಸಿದ್ದು ಬರೀ ಚಳಿಗಲ್ಲ. ದಿನಾ ಬೆಳಿಗ್ಗೆ ನಾನು ತರಬೇತಿ ಕೊಡುವ ಹುಡುಗಿಯರ ತಂಡದಲ್ಲಿ ಒಬ್ಬಳಿದ್ದಾಳೆ, ಗಾಳಿಯ ಹಾಗೆ ಓಡುವವಳು. ಮೊಣಕಾಲಿನ ಆಪರೇಷನ್ ಆಗಿದೆ. "ಸರ್, ನೋವ ಇಲ್ರಿ ಈಗ. ಬರೂ ವಾರ ಆಡಾಕ ಬರ್ಲೇನ್ರಿ?" ಎಂದು ಅವತ್ತು ಬೂಟು ಹಿಡಿದುಕೊಂಡೇ ಮನೆಗೆ ಬಂದು ಕೇಳಿದಳು. ನಾನು ಅವಳ ಬೂಟು ಇಸಿದುಕೊಂಡು ನುಸಿಗುಳಿಗೆಯ ನಡುವೆ ಇಟ್ಟು ಬೀಗ ಹಾಕಿದೆ. ಆಮೇಲೆ ಅವಳನ್ನು ಮಷೀನಿನ ಮುಂದೆ ಕೂರಿಸಿದೆ. ಪಕ್ಕದಲ್ಲಿ ಇನ್ನೊಂದು ಸ್ಟೂಲು ಹಾಕಿಕೊಂಡು ಒಂದು ಹರಿದ ಜರ್ಸಿ ತಂದು ನಾನೇ ಹಿಡಿದೆ. ತುಳಿಯುವುದು ನನಗೆ ಬರುತ್ತದೆ, ಬಟ್ಟೆ ಹಿಡಿಯುವುದನ್ನು ನಾನು ಕಲಿತೇ ಇರಲಿಲ್ಲ. ಅದು ಖಾಲಾರ ಕೆಲಸವಾಗಿತ್ತು.

"ಸರ್, ಹೊಲಿಗಿ ಪೂರಾ ಸೊಟ್ಟ ಹೋತಲ್ರಿ" ಎಂದಳು ಹುಡುಗಿ.

"ಚೂರು ಡ್ರಿಬ್ಲಿಂಗ್ ಬಂದೈತಿ ಬಿಡವಾ" ಎಂದೆ.

ಅವಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ನಗುತ್ತಿದ್ದಂತೆಯೇ ನನಗೆ ಖಾಲಾ ಬೇಕೆನಿಸಿತು, ಬಹಳ ಬೇಕೆನಿಸಿತು. ದಾರ ಹರಿದಿತ್ತು. ಕನ್ನಡಕ ಹಾಕಿಕೊಂಡು ಸೂಜಿಗೆ ಮತ್ತೆ ಪೋಣಿಸಿದೆ.